ನಮ್ಮ ಮಾತು ಕಲಿತ ಬೋಧಕ: ಹರ್ಮನ್ ಮೊಗ್ಲಿಂಗ್ ಅವರ ಜೀವನ

ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ
ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 2:1-12

ಯಾದಗಿರಿ, ಶಹಾಪುರ, ಸುರಪುರದಿಂದ ಬಂದವರು ಇಲ್ಲಿ ಮುಂದೆ ಕೂತೀರಿ. ಬೆಂಗಳೂರು, ಹೈದರಾಬಾದ್, ಪುಣೆಯಲ್ಲಿ ಕೆಲಸಕ್ಕಿದ್ದು ರೂಮಿನಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಓದುವ ತಮ್ಮಂದಿರು, ತಂಗಿಯರೂ ಇದ್ದೀರಿ. ಕರ್ತನು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.

ಹೋದ ತಿಂಗಳು ಭಾನುವಾರದ ಆರಾಧನೆ ಮುಗಿದ ಮೇಲೆ ಒಬ್ಬ ತಮ್ಮ ನನ್ನ ಹತ್ತಿರ ಬಂದ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಇರುವ ಹುಡುಗ, ರಜೆಗೆ ಊರಿಗೆ ಬಂದಿದ್ದ. ಮೊಬೈಲ್ ತೆಗೆದು ತನ್ನ ಸ್ಟೇಟಸ್ ತೋರಿಸಿದ. ಕಪ್ಪು ಹಿನ್ನೆಲೆ, ಒಂದು ಉರಿಯುವ ಮೇಣದ ಬತ್ತಿ, ಅದರ ಮೇಲೆ ಇಂಗ್ಲಿಷಿನಲ್ಲಿ ಒಬ್ಬ ಪ್ಯೂರಿಟನ್ ಬೋಧಕನ ಮಾತು. ದಿನಕ್ಕೊಂದು ಹಾಕುತ್ತಾನಂತೆ. ಆಮೇಲೆ ಒಂದು ಪ್ರಶ್ನೆ ಕೇಳಿದ. ಇಷ್ಟು ಆಳವಾಗಿ ದೇವರನ್ನು ಹುಡುಕಿದವರು, ಇಷ್ಟು ಬರೆದವರು ನಮ್ಮ ಕನ್ನಡದಲ್ಲಿ ಯಾರಾದರೂ ಇದ್ದಾರಾ, ಇಲ್ಲಾ ಅಂತ.

ಖರೇ ಹೇಳ್ತೀನಿ, ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಬೈಬಲ್ ಕಾಲೇಜಿನಲ್ಲಿ ಡಿಪ್ಲೊಮಾ ಮಾಡುವಾಗ ಸಭಾ ಚರಿತ್ರೆಯಲ್ಲಿ ಪ್ಯೂರಿಟನ್ನರ ಬಗ್ಗೆ ಓದಿದ್ದೆ, ಪರೀಕ್ಷೆಯೂ ಬರೆದಿದ್ದೆ. ಕನ್ನಡ ನಾಡಿನ ಸಭೆಯ ಬಗ್ಗೆ ನಾನು ಓದಿದ್ದು ಭಾಳ ಕಡಿಮೆ. ಅವತ್ತು ಮನೆಗೆ ಹೋಗಿ ಹುಡುಕಲಿಕ್ಕೆ ಶುರು ಮಾಡಿದೆ. ಇವತ್ತಿನ ಸಂದೇಶ ಆ ತಮ್ಮನಿಗೆ ಕೊಡಬೇಕಾಗಿದ್ದ ಉತ್ತರ. ಕೊಡ್ಲಿಕ್ಕೆ ಒಂದು ತಿಂಗಳು ತಡವಾಯಿತು.

ಮೊದಲು ಪ್ಯೂರಿಟನ್ನರು ಯಾರು ಅಂತ ಎರಡು ಮಾತು. ಇಂಗ್ಲೆಂಡಿನ ಸಭೆ ಸುಧಾರಣೆಯಾದದ್ದು ಸಾಲದು, ಇನ್ನೂ ಶುದ್ಧವಾಗಬೇಕು ಎಂದವರು ಇವರು. ಶುದ್ಧಿಗಾರರು ಅನ್ನೋ ಆ ಹೆಸರು ಮೊದಲು ಹೊಗಳಿಕೆ ಅಲ್ಲ, ಬೈಗುಳ. 1630ರಲ್ಲಿ ಜಾನ್ ವಿನ್‌ಥ್ರಪ್ ಎಂಬ ವಕೀಲರ ಮುಂದಾಳತ್ವದಲ್ಲಿ ನೂರಾರು ಕುಟುಂಬಗಳು ಹಡಗು ಹತ್ತಿ ಅಮೆರಿಕದ ಮಸಾಚುಸೆಟ್ಸ್ ತೀರಕ್ಕೆ ಹೋದವು. ಕಾಡು ಕಡಿದು ಊರು ಕಟ್ಟುತ್ತಾ ಇರುವಾಗಲೇ, ಆರು ವರ್ಷದೊಳಗೆ ಒಂದು ಕಾಲೇಜು ಶುರು ಮಾಡಿದರು. ಅದೇ ಇವತ್ತಿನ ಹಾರ್ವರ್ಡ್. 1640ರಲ್ಲಿ ಅಲ್ಲೇ ಒಂದು ಪುಸ್ತಕ ಅಚ್ಚು ಮಾಡಿದರು, ಹಾಡಲಿಕ್ಕೆ ಬರುವಂತೆ ಮಾಡಿದ ಕೀರ್ತನೆಗಳ ಪುಸ್ತಕ. 1647ರಲ್ಲಿ ಐವತ್ತು ಮನೆಗಳಿರುವ ಪ್ರತಿ ಊರೂ ಮಕ್ಕಳಿಗೆ ಓದು ಕಲಿಸುವ ಒಬ್ಬ ಮೇಷ್ಟ್ರನ್ನು ಇಡಬೇಕು ಎಂದು ಕಾನೂನು ಮಾಡಿದರು. ಯಾಕಂದ್ರ ಓದಲಿಕ್ಕೆ ಬಾರದವನು ಸತ್ಯವೇದವನ್ನು ತಾನೇ ಹೇಗೆ ನೋಡಬೇಕು? ತಂಗಿಯರೇ, ಅವರಲ್ಲಿ ಆನ್ ಬ್ರಾಡ್‌ಸ್ಟ್ರೀಟ್ ಎಂಬ ಒಬ್ಬ ತಾಯಿ ಇದ್ದರು. ಎಂಟು ಮಕ್ಕಳನ್ನು ಸಾಕುತ್ತಾ ಕವಿತೆ ಬರೆದರು. 1650ರಲ್ಲಿ ಅವರ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. 1666ರಲ್ಲಿ ಮನೆ ಸುಟ್ಟು ಬೂದಿಯಾದಾಗ, ಆ ಬೂದಿಯ ಮುಂದೆ ನಿಂತ ಅನುಭವವನ್ನೂ ದೇವರ ಮುಂದೆ ಇಟ್ಟು ಬರೆದರು.

ಆದರೆ ಮೇಣದ ಬತ್ತಿಯ ಚಿತ್ರದಲ್ಲಿ ಕಾಣದ ಸಂಗತಿಗಳೂ ಇವೆ. ಇದೇ ಜನ ಬಾಸ್ಟನ್ನಿನಲ್ಲಿ ಕ್ವೇಕರ್ ವಿಶ್ವಾಸಿಗಳನ್ನು ಗಲ್ಲಿಗೇರಿಸಿದರು. 1692ರಲ್ಲಿ ಸೇಲಂ ಊರಿನಲ್ಲಿ ಮಾಟಗಾತಿಯರು ಎಂದು ಹತ್ತೊಂಬತ್ತು ಜನರನ್ನು ಗಲ್ಲಿಗೇರಿಸಿದರು. ಆ ನೆಲದ ಮೂಲ ಜನರ ಜಮೀನನ್ನು ಸ್ವಲ್ಪ ಸ್ವಲ್ಪವಾಗಿ ತಮ್ಮದು ಮಾಡಿಕೊಂಡರು. ಪ್ರಾರ್ಥನೆ ಮಾಡುವ ಜನವೂ ಹೀಗೆ ತಪ್ಪಬಹುದು. ನಾವು ಇದನ್ನು ಓದಿ ನಮ್ಮನ್ನೇ ಪರೀಕ್ಷಿಸಿಕೊಳ್ಳಬೇಕು.

ಅವರೊಳಗೇ ಒಬ್ಬ ಬೇರೆ ಥರದ ಮನುಷ್ಯ ಇದ್ದರು, ಜಾನ್ ಎಲಿಯಟ್. ರಾಕ್ಸ್‌ಬರಿ ಎಂಬ ಊರಿನ ಸಭಾಪಾಲಕರು. ಮೂಲ ಜನರಿಗೆ ಸುವಾರ್ತೆ ಹೇಳಬೇಕೆಂದರೆ ಅವರ ಭಾಷೆ ಬೇಕು. ಆ ಭಾಷೆಗೆ ಅಕ್ಷರ ಇಲ್ಲ, ವ್ಯಾಕರಣ ಪುಸ್ತಕ ಇಲ್ಲ. ಯುದ್ಧದಲ್ಲಿ ಸೆರೆಸಿಕ್ಕು ಒಬ್ಬ ಇಂಗ್ಲಿಷರ ಮನೆಯಲ್ಲಿ ಆಳಾಗಿದ್ದ ಕಾಕೆನೋ ಎಂಬ ತರುಣನನ್ನು ಗುರುವಾಗಿ ಇಟ್ಟುಕೊಂಡು ವರ್ಷಗಟ್ಟಲೆ ಕಲಿತರು. 1646ರಲ್ಲಿ ಅವರು ಮಾಡಿದ ಮೊದಲ ಪ್ರಸಂಗವನ್ನು ಯಾರೂ ಲಕ್ಷ್ಯ ಕೊಟ್ಟು ಕೇಳಲಿಲ್ಲ. ಕೆಲವು ವಾರ ಬಿಟ್ಟು ಇನ್ನೊಂದು ಊರಿನಲ್ಲಿ ಮತ್ತೆ ನಿಂತರು, ಅಲ್ಲಿ ಜನ ಕೇಳಿದರು, ತಿರುಗಿ ಪ್ರಶ್ನೆಯೂ ಕೇಳಿದರು. 1663ರಲ್ಲಿ ಇಡೀ ಸತ್ಯವೇದ ಆ ಭಾಷೆಯಲ್ಲಿ ಅಚ್ಚಾಯಿತು. ಅಮೆರಿಕ ಖಂಡದಲ್ಲಿ ಅಚ್ಚಾದ ಮೊಟ್ಟಮೊದಲ ಸತ್ಯವೇದ ಇಂಗ್ಲಿಷಿನದಲ್ಲ, ಮೂಲ ಜನರ ಭಾಷೆಯದು. ಅಚ್ಚಿನ ಕೆಲಸದಲ್ಲಿ ಕೈಯಿಟ್ಟವರಲ್ಲಿ ಜೇಮ್ಸ್ ಪ್ರಿಂಟರ್ ಎಂಬ ಮೂಲ ಜನರ ಯುವಕನೂ ಇದ್ದ. ಆಮೇಲೆ 1675ರಲ್ಲಿ ಯುದ್ಧ ಬಂತು. ಎಲಿಯಟ್ ದೀಕ್ಷಾಸ್ನಾನ ಕೊಟ್ಟ ಜನರನ್ನೇ ಇಂಗ್ಲಿಷರು ಅನುಮಾನದಿಂದ ಹಿಡಿದು, ಚಳಿಗಾಲದಲ್ಲಿ ಸಮುದ್ರದ ನಡುವಿನ ಡೀರ್ ದ್ವೀಪದಲ್ಲಿ ಕೂಡಿಹಾಕಿದರು. ಹಸಿವು, ಚಳಿಯಿಂದ ಅನೇಕರು ಸತ್ತರು. ಅವರ ಪರವಾಗಿ ಮಾತಾಡಿದ್ದಕ್ಕೆ ಎಲಿಯಟ್ ತನ್ನ ಜನರಿಂದಲೇ ಬೈಸಿಕೊಂಡರು. ಆ ಸತ್ಯವೇದಗಳಲ್ಲಿ ಬಹುಪಾಲು ಯುದ್ಧದಲ್ಲಿ ನಾಶವಾದವು. ಎಂಬತ್ತು ದಾಟಿದ ವಯಸ್ಸಿನಲ್ಲಿ, 1685ರಲ್ಲಿ, ಅವರು ಮತ್ತೊಮ್ಮೆ ಅಚ್ಚು ಮಾಡಿಸಿದರು.

ಮುಂದೆ ಆ ಭಾಷೆಯೇ ನಿಂತುಹೋಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ತಾಯಿನುಡಿಯಾಗಿ ಆಡುವವರು ಒಬ್ಬರೂ ಇರಲಿಲ್ಲ. 1990ರ ದಶಕದಲ್ಲಿ ಅದೇ ಬುಡಕಟ್ಟಿನ ಜೆಸ್ಸಿ ಲಿಟಲ್ ಡೋ ಬೇರ್ಡ್ ಎಂಬ ಮಹಿಳೆ ತನ್ನ ಜನರ ಮಾತನ್ನು ಮತ್ತೆ ಎಬ್ಬಿಸಲು ಹೊರಟರು. ಶಬ್ದ ಎಲ್ಲಿಂದ ತರುವುದು? ಹಳೆಯ ಕಾಗದಪತ್ರಗಳಿಂದ, ಮತ್ತೆ ಎಲಿಯಟ್ ಅಚ್ಚು ಮಾಡಿಸಿದ ಆ ಸತ್ಯವೇದದಿಂದ. ಇವತ್ತು ಆ ಭಾಷೆಯಲ್ಲಿ ಮಕ್ಕಳು ಮಾತಾಡ್ತಾರ. ಒಬ್ಬ ಬೋಧಕ ಬೇರೆಯವರ ಭಾಷೆಯನ್ನು ಪ್ರೀತಿಯಿಂದ ಕಲಿತದ್ದು, ಮುನ್ನೂರು ವರ್ಷ ಆದಮೇಲೆ ಆ ಜನರಿಗೇ ಅವರ ಮಾತನ್ನು ತಿರುಗಿ ಕೊಟ್ಟಿತು. ಸ್ತೋತ್ರ ಹೇಳ್ರಿ.

ಈಗ ನಮ್ಮ ನಾಡಿಗೆ ಬರೋಣ. ಪ್ಯೂರಿಟನ್ನರ ಪುಸ್ತಕಗಳು ಜರ್ಮನ್ ಭಾಷೆಗೂ ಹೋದವು, ಅಲ್ಲಿ ಮನೆಮನೆಯಲ್ಲಿ ಓದಿದರು. ಅಲ್ಲಿ ಪಯಟಿಸ್ಟರು ಎಂಬ ಭಕ್ತರ ಚಳವಳಿ ಹುಟ್ಟಿತು. ಮನೆಯಲ್ಲಿ ಕೂಡಿ ಸತ್ಯವೇದ ಓದುವುದು, ಹೃದಯವನ್ನು ಪರೀಕ್ಷಿಸಿಕೊಳ್ಳುವುದು, ದಿನಚರಿ ಬರೆಯುವುದು, ಸರಳವಾಗಿ ಬದುಕುವುದು ಇವರ ರೀತಿ. ನಾವು ಮಾಡುವ ಕಾಟೇಜ್ ಮೀಟಿಂಗ್ ಇದೆಯಲ್ಲಾ, ಅದಕ್ಕೆ ಇವರೂ ಒಂದು ಬೇರು. ಈ ಭಕ್ತರು ಸೇರಿ 1815ರಲ್ಲಿ ಬಾಸೆಲ್ ಮಿಷನ್ ಕಟ್ಟಿದರು. 1834ರಲ್ಲಿ ಅವರ ಮೊದಲ ಮೂವರು ಬೋಧಕರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷದ ನಂತರ ಬಂದವರು ಹರ್ಮನ್ ಮೊಗ್ಲಿಂಗ್. ತಮ್ಮಾ, ನಿನ್ನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಈ ಮನುಷ್ಯ.

ಮೊಗ್ಲಿಂಗ್ ಹುಟ್ಟಿದ್ದು 1811ರ ಮೇ 29ರಂದು, ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕನ್‌ಹೈಮ್ ಎಂಬ ಸಣ್ಣ ಊರಿನಲ್ಲಿ. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರ ಓದಿದರು. ಅಲ್ಲಿ ಓದಿದವರಿಗೆ ಸ್ವಂತ ಊರ ಕಡೆ ಒಂದು ಸಭೆ, ಒಂದು ಮನೆ, ತಿಂಗಳಿಗೆ ಸರಿಯಾಗಿ ಸಂಬಳ, ಎಲ್ಲಾ ಸಿಗುತ್ತಿತ್ತು. ನೀವು ಹೇಳೋ ಹಾಗೆ ಲೈಫ್ ಸೆಟ್. ಅವರು ಅದನ್ನು ಬಿಟ್ಟು ಇಪ್ಪತ್ತೈದನೇ ವಯಸ್ಸಿನಲ್ಲಿ ಹಡಗು ಹತ್ತಿದರು.

ಆ ಕಾಲ ನಿಮ್ಮ ಕಣ್ಣಿಗೆ ಕಟ್ಟಬೇಕು ಅಂದ್ರ ನಮ್ಮ ಸುರಪುರವನ್ನು ನೆನಪು ಮಾಡ್ಕೊಳ್ರಿ. ಆಗ ಅಲ್ಲಿ ನಾಯಕರ ಸಂಸ್ಥಾನ, ಸುತ್ತ ನಿಜಾಮರ ರಾಜ್ಯ. ಮೆಡೋಸ್ ಟೇಲರ್ ಸಾಹೇಬರು ಚಿಕ್ಕ ವಯಸ್ಸಿನ ರಾಜ ವೆಂಕಟಪ್ಪ ನಾಯಕರ ಸಂಸ್ಥಾನದ ಆಡಳಿತ ನೋಡುತ್ತಿದ್ದರು. ನೀವು ಸೆಲ್ಫಿ ತೆಗೆಯಲಿಕ್ಕೆ ಹೋಗ್ತೀರಲ್ಲಾ, ಗುಡ್ಡದ ಮೇಲಿನ ಟೇಲರ್ ಮಂಜಿಲ್, ಅದು ಆ ದಿನಗಳ ಮನೆ. ಟೇಲರ್ ಸುರಪುರದಲ್ಲಿದ್ದ ವರ್ಷಗಳಲ್ಲೇ ಮೊಗ್ಲಿಂಗ್ ಮಂಗಳೂರಿನಲ್ಲಿ ಇದ್ದರು. ಇಬ್ಬರೂ ಬೇರೆ ಬೇರೆ ದಾರಿಯವರು, ಒಬ್ಬರು ಆಡಳಿತಗಾರ, ಒಬ್ಬರು ಬೋಧಕ. ಕಾಲ ಮಾತ್ರ ಒಂದೇ.

ಮೊಗ್ಲಿಂಗ್ ಮಂಗಳೂರಿನಲ್ಲಿ ಮೊದಲು ಮಾಡಿದ್ದು ಕಲಿಯುವ ಕೆಲಸ. ಮುನ್ಷಿಗಳ ಮುಂದೆ ಕೂತು ಅಕ್ಷರ ತಿದ್ದಿದರು. ನಂತರ ಹುಡುಗರಿಗೆ ಶಾಲೆ ನಡೆಸಿದರು, ಉಪದೇಶಕರನ್ನು ತಯಾರು ಮಾಡಿದರು. ಶಾಲೆಯಲ್ಲಿ ಓದಿದ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ 1844ರ ಜನವರಿಯಲ್ಲಿ ದೀಕ್ಷಾಸ್ನಾನ ತೆಗೆದುಕೊಂಡಾಗ ಊರಿಗೆ ಊರೇ ಕದಡಿಹೋಯಿತು. ಮೊಗ್ಲಿಂಗ್ ಅವನನ್ನು ಯೂರೋಪಿಗೆ ಕರೆದುಕೊಂಡು ಹೋದರು. ಬಾಸೆಲ್‌ನಲ್ಲಿ ಓದಿ, ಸಭಾಸೇವಕನಾಗಿ ಕೌಂಡಿನ್ಯ ತಿರುಗಿ ಬಂದರು. ಅವರ ಹೆಂಡತಿ ಮಾತ್ರ ಅವರ ಜೊತೆ ಬರಲೇ ಇಲ್ಲ. ನಾವು ಸಾಕ್ಷಿ ಹೇಳುವಾಗ ಗೆಲುವಿನ ಭಾಗ ಹೇಳಿ ಚಪ್ಪಾಳೆ ತಟ್ಟಿಸ್ತೀವಿ. ಆ ಮನೆಯಲ್ಲಿ ಉಳಿದ ಹೆಣ್ಣುಮಗಳ ಕಣ್ಣೀರೂ ದೇವರಿಗೆ ಗೊತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇಂಥ ನೋವು ಇದೆ. ಅದನ್ನು ಹಗುರವಾಗಿ ತಗೋಬ್ಯಾಡ್ರಿ.

1841ರಲ್ಲಿ ಮಿಷನ್‌ನವರು ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿದರು. ಕಲ್ಲಚ್ಚು ಅಂದ್ರ ಏನು? ನಮ್ಮ ಮನೆಗಳಲ್ಲಿ ಶಹಾಬಾದ್ ಫರ್ಸಿ ಹಾಸಿರ್ತಾರಲ್ಲಾ, ಅದು ಸುಣ್ಣದ ಕಲ್ಲಿನ ಜಾತಿ. ಅಚ್ಚಿಗೆ ಬಳಸುವುದೂ ಸುಣ್ಣದ ಕಲ್ಲೇ, ಆದರೆ ಇನ್ನೂ ನಯವಾದದ್ದು. ಜಿಡ್ಡಿನ ಶಾಯಿಯಿಂದ ಬರೆದ ಅಕ್ಷರವನ್ನು ಆ ಕಲ್ಲಿನ ಮೇಲೆ ಇಳಿಸಿ, ಕಲ್ಲಿಗೆ ನೀರು ಹಚ್ಚುತ್ತಾರೆ. ಆಮೇಲೆ ಶಾಯಿಯ ರೋಲರ್ ಹೊರಳಿಸಿದರೆ ನೀರು ಕುಡಿದ ಜಾಗ ಶಾಯಿ ಹಿಡಿಯುವುದಿಲ್ಲ, ಜಿಡ್ಡಿದ್ದ ಅಕ್ಷರ ಮಾತ್ರ ಹಿಡಿಯುತ್ತದೆ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ತಯಾರು. ಪ್ರತಿ ಪುಟವನ್ನೂ ಒಬ್ಬ ಮನುಷ್ಯ ಮೊದಲು ಕೈಯಲ್ಲಿ ಬರೆಯಲೇಬೇಕು.

ಆ ಕಲ್ಲಿನ ಮೇಲಿಂದ 1843ರ ಜುಲೈ 1ರಂದು ಮಂಗಳೂರ ಸಮಾಚಾರ ಹೊರಗೆ ಬಂತು. ಕನ್ನಡದ ಮೊದಲ ಪತ್ರಿಕೆ. ನಾಲ್ಕು ಪುಟ, ಹದಿನೈದು ದಿನಕ್ಕೊಮ್ಮೆ, ಸಂಪಾದಕ ಮೊಗ್ಲಿಂಗ್. ಅದರಲ್ಲಿ ಊರ ಸುದ್ದಿ ಇತ್ತು, ಸರ್ಕಾರದ ಆಜ್ಞೆಗಳಿದ್ದವು, ಬೇರೆ ದೇಶದ ವರ್ತಮಾನ, ಕಥೆ, ಹಾಡು ಇದ್ದವು. ಬಾವಿಯ ಕಪ್ಪೆಯ ಹಾಗೆ ಇರದೆ ಜನ ಹೊರಗಿನ ಲೋಕ ತಿಳಿಯಲಿ ಅನ್ನೋದು ಅವರ ಆಸೆ. ಮುಂದಿನ ವರ್ಷ ಅದು ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರ ಎಂಬ ಹೆಸರಿನಲ್ಲಿ ಮೊಳೆಯಚ್ಚಿನಲ್ಲಿ ಬಂತು, ಸ್ವಲ್ಪ ಕಾಲದಲ್ಲೇ ನಿಂತಿತು. ಇವತ್ತಿಗೂ ಜುಲೈ 1ರಂದು ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನ ಮಾಡ್ತಾರ. ಸಭೆಯ ಹೊರಗಿನವರು ಮೊಗ್ಲಿಂಗ್ ಅವರಿಗೆ ಹಾರ ಹಾಕ್ತಾರ. ಸಭೆಯ ಒಳಗಿರುವ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲ.

ಬಳ್ಳಾರಿ ಅಂದಾಗ ಇನ್ನೊಂದು ಹೆಸರು ಹೇಳಿ ಮುಂದೆ ಹೋಗ್ತೀನಿ. ಅಲ್ಲಿ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಿಂದ ಇದ್ದರು. ಆ ಮಿಷನ್ನಿಗೆ ಬೆನ್ನೆಲುಬಾಗಿದ್ದ ಸಭೆಗಳು ಪ್ಯೂರಿಟನ್ನರ ನೇರ ಮೊಮ್ಮಕ್ಕಳು ಅನ್ನಬಹುದು. 1830ರ ದಶಕದ ಹೊತ್ತಿಗೆ ಇಡೀ ಸತ್ಯವೇದ ಕನ್ನಡದಲ್ಲಿ ಸಿಕ್ಕಿದ್ದು ಹ್ಯಾಂಡ್ಸ್ ಮತ್ತು ಅವರ ಜೊತೆಗಾರರು ಪಟ್ಟ ಶ್ರಮದಿಂದ. ಅದನ್ನು ಇನ್ನೂ ಚೆನ್ನಾಗಿ ತಿದ್ದುವ ಕೆಲಸಕ್ಕೆ ಮೊಗ್ಲಿಂಗ್ ಅವರ ಗೆಳೆಯ ಗಾಟ್‌ಫ್ರೀಡ್ ವೈಗಲ್ ಕೂತರು. ಇದೇ ಗೆಳೆಯರ ಬಳಗದಿಂದ 1840ರ ದಶಕದ ಕೊನೆಯ ಹೊತ್ತಿಗೆ ಯಾತ್ರಿಕನ ಸಂಚಾರ ಕನ್ನಡಕ್ಕೆ ಬಂತು. ಅದು ಜಾನ್ ಬನ್ಯನ್ ಅವರ ಪುಸ್ತಕ. ಬನ್ಯನ್ ಪಾತ್ರೆ ರಿಪೇರಿ ಮಾಡುವ ಮನೆತನದವರು, ಬೋಧಿಸಿದ್ದಕ್ಕೆ ಹನ್ನೆರಡು ವರ್ಷ ಜೈಲಿನಲ್ಲಿದ್ದ ಪ್ಯೂರಿಟನ್. ಅಂದ್ರ ನೀನು ಸ್ಟೇಟಸ್‌ನಲ್ಲಿ ಇಂಗ್ಲಿಷಿನಲ್ಲಿ ಹುಡುಕುವ ಆ ಪ್ಯೂರಿಟನ್ ಬರಹ ನೂರಾ ಎಪ್ಪತ್ತು ವರ್ಷಕ್ಕೂ ಹಿಂದೆ ಕನ್ನಡ ಮಾತಾಡ್ತಿತ್ತು. ನಾವು ಕೇಳಿಸ್ಕೊಂಡಿಲ್ಲ ಅಷ್ಟೇ.

ಈಗ ನನಗೆ ಭಾಳ ಕಷ್ಟವಾದ ಭಾಗಕ್ಕೆ ಬರ್ತೀನಿ. 1848ರಿಂದ ಐದಾರು ವರ್ಷ ಮೊಗ್ಲಿಂಗ್ ಒಂದು ಪುಸ್ತಕ ಮಾಲೆ ತಂದರು, ಬಿಬ್ಲಿಯೋಥೆಕಾ ಕರ್ನಾಟಕಾ ಅಂತ. ಮದ್ರಾಸಿನ ಕಡೆಯ ನಿವೃತ್ತ ಅಧಿಕಾರಿ ಕ್ಯಾಸಮೇಜರ್ ಎಂಬವರು ಹಣ ಕೊಟ್ಟರು. ಆ ಮಾಲೆಯಲ್ಲಿ ಏನು ಅಚ್ಚಾಯಿತು? ಲಕ್ಷ್ಮೀಶನ ಜೈಮಿನಿ ಭಾರತ, ಕುಮಾರವ್ಯಾಸನ ಭಾರತ, ತೊರವೆ ರಾಮಾಯಣ, ಬಸವ ಪುರಾಣ, ಚನ್ನಬಸವ ಪುರಾಣ, ದಾಸರ ಪದಗಳು. ಓಲೆಗರಿಯಲ್ಲಿ, ಹಳೆಯ ಕೈಬರಹದಲ್ಲಿ ಇದ್ದದ್ದನ್ನು ಹುಡುಕಿ ತರಿಸಿ, ಒಂದಕ್ಕೊಂದು ಹೋಲಿಸಿ, ಆ ಕಲ್ಲಿನ ಮೇಲೆ ಬರೆಸಿ ಒತ್ತಿಸಿದರು. ಕನ್ನಡದ ಗಾದೆಗಳನ್ನೂ ಕೂಡಿಸಿದರು.

ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಸುವಾರ್ತೆ ಸಾರಲಿಕ್ಕೆ ಬಂದವನು ಪುರಾಣ ಯಾಕೆ ಅಚ್ಚು ಮಾಡಿಸಬೇಕು? ಆತ್ಮದ ಅಭಿಷೇಕ ಇಲ್ಲದ ಮಿಷನ್‌ನವರು ಹೀಗೇ ಅಂದುಕೊಂಡೆ. ಹಿಂದೆ ಪುಲ್ಪಿಟ್ ಮೇಲೆ ನಿಂತು ಆ ಹಳೇ ಸಭೆಗಳನ್ನು ಸತ್ತ ಸಭೆಗಳು ಅಂತ ಎಷ್ಟು ಸಲ ಅಂದಿದ್ದೀನೋ ಲೆಕ್ಕವಿಲ್ಲ. ಇವತ್ತು ನಿಮ್ಮ ಮುಂದೆ ಅದಕ್ಕೆ ಕ್ಷಮೆ ಕೇಳ್ತೀನಿ.

ಮೊಗ್ಲಿಂಗ್ ತನ್ನ ನಂಬಿಕೆಯನ್ನು ಬಿಟ್ಟವರಲ್ಲ. ಯೇಸುವೇ ಮಾರ್ಗ ಅನ್ನುವುದರಲ್ಲಿ ಅವರಿಗೆ ಒಂದು ಕೂದಲೆಳೆಯಷ್ಟೂ ಸಂಶಯ ಇರಲಿಲ್ಲ. ಈ ಜನರ ಪದ್ಧತಿಗಳನ್ನು ಅವರು ಕಟುವಾಗಿ ಟೀಕಿಸಿದ್ದೂ ಇದೆ, ಕೆಲವು ಕಡೆ ಬೇಕಿದ್ದಕ್ಕಿಂತ ಕಟುವಾಗಿ. ಆದರೆ ಈ ಜನ ಯಾವುದನ್ನು ಹಾಡಿ ಅಳುತ್ತಾರೆ, ಯಾವುದನ್ನು ಕೇಳಿ ಮಕ್ಕಳನ್ನು ಮಲಗಿಸುತ್ತಾರೆ, ದೇವರಿಗಾಗಿ ಇವರೊಳಗಿನ ಹಸಿವು ಎಂಥದ್ದು ಎಂದು ತಿಳಿಯದೆ ಇವರಿಗೆ ಉತ್ತರ ಕೊಡುವುದು ಹೇಗೆ? ಅಥೆನೆಯಲ್ಲಿ ಪೌಲನು ಮಾತಾಡುವ ಮೊದಲು ಪಟ್ಟಣ ಸುತ್ತಿ ನೋಡಿದ್ದನ್ನು ಅಪೊಸ್ತಲರ ಕೃತ್ಯಗಳು 17ರಲ್ಲಿ ಓದ್ತೀವಿ. ಆ ಜನರ ಕವಿಗಳು ಅವನಿಗೆ ಗೊತ್ತಿದ್ದರು. ಮೊಗ್ಲಿಂಗ್ ಕನ್ನಡದಲ್ಲಿ ಮಾಡಿದ್ದು ಅದೇ.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕು. ನಮ್ಮ ಆಯಿ, ನನ್ನನ್ನು ಬೆಳೆಸಿದ ಅಜ್ಜಿ, ಸಾಲಿ ಕಲಿತವಳಲ್ಲ. ಮುಂಜಾನೆ ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು ತತ್ವಪದ ಹಾಡ್ತಿದ್ದಳು. ಕಡಕೋಳ ಮಡಿವಾಳಪ್ಪನ ಪದಗಳು ನಮ್ಮ ಸೀಮೆಯ ಹೆಣ್ಣುಮಕ್ಕಳ ಬಾಯಲ್ಲಿ ಇರ್ತಿದ್ದವು, ನಿಮ್ಮ ಆಯಿಗಳನ್ನು ಕೇಳಿ ನೋಡ್ರಿ. ಕೊನೆಯ ವರ್ಷಗಳಲ್ಲಿ ಆಕೆ ಕರ್ತನನ್ನು ನಂಬಿದಳು. ಆಗ ನಾನು ಹೊಸದಾಗಿ ಬೈಬಲ್ ಕಾಲೇಜಿನಿಂದ ಬಂದಿದ್ದೆ, ತಲೆ ತುಂಬಾ ಬಿಸಿ. ಆ ಹಾಡೆಲ್ಲಾ ಬಿಟ್ಟುಬಿಡು ಅಂತ ಆಕೆಗೆ ಖಡಕ್ಕಾಗಿ ಹೇಳಿದೆ. ಆಕೆ ಬಿಟ್ಟಳು. ಅದರ ಜಾಗದಲ್ಲಿ ಏನು ಕೊಟ್ಟೆ? ಆಕೆಗೆ ಅರ್ಥವಾಗುವ ಒಂದು ಹಾಡನ್ನೂ ನಾನು ಕಲಿಸಲಿಲ್ಲ. ನಮ್ಮ ಆರಾಧನೆಯ ಹಾಡು ಅರ್ಧ ಇಂಗ್ಲಿಷು, ಅರ್ಧ ಹಿಂದಿ. ಬೀಸುವಾಗ ಆಕೆ ಸುಮ್ಮನೆ ಇರ್ತಿದ್ದಳು.

ಆಕೆ ಆಸ್ಪತ್ರೆಯಲ್ಲಿ ಕೊನೆಯ ದಿನಗಳಲ್ಲಿ ಇದ್ದಾಗ ನಾನು ಹೋಗಿ ಉದ್ದವಾಗಿ ಪ್ರಾರ್ಥನೆ ಮಾಡಿದೆ. ಪುಸ್ತಕದ ಕನ್ನಡ, ನಡುನಡುವೆ ಇಂಗ್ಲಿಷು. ಪಕ್ಕದ ಬೆಡ್ಡಿನವರು ನನ್ನನ್ನೇ ನೋಡ್ತಿದ್ದರು, ಅದು ನನಗೆ ಒಳಗೊಳಗೇ ಚೆನ್ನಾಗನಿಸಿತು ಅಂತನೂ ಒಪ್ಕೋತೀನಿ. ನಾನು ಹೊರಗೆ ಹೋದ ಮೇಲೆ ಆಯಿ ನಮ್ಮವ್ವನನ್ನು ಕೇಳಿದ್ದು ಒಂದೇ ಪ್ರಶ್ನೆ, ಹುಡುಗ ದೇವರಿಗೆ ಏನು ಹೇಳಿದ ಅಂತ. ಅವ್ವ ಇದನ್ನು ನನಗೆ ಹೇಳಿದ್ದು ಮಣ್ಣು ಮಾಡಿ ಬಂದ ಮೇಲೆ.

ಆಯಿಗೆ ಗೊತ್ತಿದ್ದ ಕನ್ನಡ ನನಗೂ ಗೊತ್ತಿತ್ತು. ಅದು ನನ್ನ ಬಾಯಿಯ ಕನ್ನಡ. ಬೈಬಲ್ ಕಾಲೇಜಿನಲ್ಲಿ ಬೇರೆ ಜಿಲ್ಲೆಯ ಹುಡುಗರು ನನ್ನ ಯಾದಗಿರಿ ಮಾತಿಗೆ ನಕ್ಕಿದ್ದರಿಂದ ಅದನ್ನು ಮುಚ್ಚಿಟ್ಟುಕೊಂಡಿದ್ದೆ. ಜರ್ಮನಿಯಿಂದ ಬಂದ ಒಬ್ಬ ಮನುಷ್ಯ ನಮ್ಮ ಆಯಿಯಂಥವರ ಹಾಡುಗಳನ್ನು ಕಲ್ಲಿನ ಮೇಲೆ ಬರೆಸಿ ಉಳಿಸಿದರು. ಆಕೆಯ ಮೊಮ್ಮಗ ನಾನು ಆಕೆಯ ಮಾತಿನಲ್ಲಿ ಐದು ನಿಮಿಷ ಪ್ರಾರ್ಥನೆ ಮಾಡಲಿಲ್ಲ.

ತಪ್ಪು ತಿಳಿಯಬ್ಯಾಡ್ರಿ. ಸಭೆಯಲ್ಲಿ ಪುರಾಣ ಓದಿರಿ ಅಂತ ನಾನು ಹೇಳ್ತಿಲ್ಲ. ಮೊಗ್ಲಿಂಗ್ ಕೂಡ ಹಾಗೆ ಮಾಡಲಿಲ್ಲ. ಒಬ್ಬ ಮನುಷ್ಯನಿಗೆ ಕ್ರಿಸ್ತನ ಬಗ್ಗೆ ಹೇಳುವ ಮೊದಲು ಆ ಮನುಷ್ಯನನ್ನು ಕೇಳಿಸಿಕೊಳ್ಳಬೇಕು. ಅವನ ಮಾತನ್ನು ಕೀಳು ಅಂತ ನೋಡುವವನ ಸುವಾರ್ತೆ ಅವನ ಕಿವಿಗೆ ಇಳಿಯುವುದಿಲ್ಲ.

ಮೊಗ್ಲಿಂಗ್ ಜೀವನದ ಉಳಿದ ಭಾಗ ಕೇಳ್ರಿ. 1852ರ ಹೊತ್ತಿಗೆ ಅವರು ದಣಿದಿದ್ದರು, ತಾಯ್ನಾಡಿಗೆ ಹಿಂದಿರುಗುವ ಆಲೋಚನೆಯಲ್ಲಿದ್ದರು. ಆಗ ಕೊಡಗಿನಿಂದ ಸೋಮಯ್ಯ ಎಂಬ ಒಬ್ಬರು ದೀಕ್ಷಾಸ್ನಾನ ಬೇಕೆಂದು ಬಂದರು. ಆ ಒಬ್ಬ ಮನುಷ್ಯನಿಗಾಗಿ ಮೊಗ್ಲಿಂಗ್ ಪ್ರಯಾಣ ಬಿಟ್ಟು 1853ರಲ್ಲಿ ಕೊಡಗಿಗೆ ಹೋದರು, ಅಲ್ಲೇ ನೆಲೆಸಿದರು. 1855ರಲ್ಲಿ ಕೊಡಗಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಅದೇ ವರ್ಷ ಗೆಳೆಯ ವೈಗಲ್ ತೀರಿಹೋದರು. ವೈಗಲ್ ಅವರ ವಿಧವೆ ಪೌಲಿನಾ ಅವರನ್ನು ಮೊಗ್ಲಿಂಗ್ ಮದುವೆಯಾದರು, ತಂದೆಯಿಲ್ಲದ ಮಕ್ಕಳಿಗೆ ತಂದೆಯಾದರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರ ಕನ್ನಡದ ಕೆಲಸಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡಕ್ಕಾಗಿ ಜರ್ಮನಿಯಲ್ಲಿ ಡಾಕ್ಟರೇಟ್! ಹೆಂಡತಿಯ ಆರೋಗ್ಯ ಕೆಟ್ಟಿದ್ದರಿಂದ 1860ರಲ್ಲಿ ಇಪ್ಪತ್ತನಾಲ್ಕು ವರ್ಷದ ಸೇವೆ ಮುಗಿಸಿ ಹೊರಟರು. ಮತ್ತೆ ಈ ನೆಲ ನೋಡಲಿಲ್ಲ.

ಹೋದ ಮೇಲೂ ಕನ್ನಡ ಅವರನ್ನು ಬಿಡಲಿಲ್ಲ. ಕನ್ನಡದ ದಾಸರ ಪದಗಳನ್ನು ಜರ್ಮನ್ ಭಾಷೆಗೆ ಮಾಡಿ ಅಲ್ಲಿನ ವಿದ್ವಾಂಸರ ಮುಂದೆ ಇಟ್ಟರು. ಅವರು ಹಾಕಿಕೊಟ್ಟ ದಾರಿಯಲ್ಲೇ ಫರ್ಡಿನಾಂಡ್ ಕಿಟೆಲ್ ದುಡಿದು, 1894ರಲ್ಲಿ ಕನ್ನಡದ ದೊಡ್ಡ ನಿಘಂಟು ತಂದರು. ಬೆಂಗಳೂರಿನಲ್ಲಿರುವವರು ಎಂ.ಜಿ. ರಸ್ತೆಯ ಕಡೆ ಹೋದಾಗ ಕಿಟೆಲ್ ಪ್ರತಿಮೆ ನೋಡಿ ಬರ್ರಿ. ಮೊಗ್ಲಿಂಗ್ 1881ರ ಮೇ 10ರಂದು ಜರ್ಮನಿಯ ಎಸ್ಲಿಂಗನ್ ಊರಿನಲ್ಲಿ ನಿದ್ರೆ ಹೋದರು.

ಈಗ ಲೆಕ್ಕ ಹಾಕೋಣ. ನಾವು ಲೆಕ್ಕದಲ್ಲಿ ಜಾಣರು. ಎಷ್ಟು ದೀಕ್ಷಾಸ್ನಾನ, ಎಷ್ಟು ವ್ಯೂಸ್, ಎಷ್ಟು ಸಬ್‌ಸ್ಕ್ರೈಬರ್. ಆ ಲೆಕ್ಕದಲ್ಲಿ ಮೊಗ್ಲಿಂಗ್ ದೊಡ್ಡ ಬೋಧಕರಲ್ಲ. ಪತ್ರಿಕೆ ಒಂದು ವರ್ಷದೊಳಗೆ ಬೇರೆ ಊರಿಗೆ ಹೋಯಿತು, ಆಮೇಲೆ ನಿಂತಿತು. ಕೊಡಗಿನಲ್ಲಿ ದೊಡ್ಡ ಉಜ್ಜೀವನ ಆಗಲಿಲ್ಲ. ಎಲಿಯಟ್ ಲೆಕ್ಕವೂ ಹಾಗೇ, ಅವರ ಪುಸ್ತಕಗಳೇ ಸುಟ್ಟುಹೋದವು. ಆದರೆ ಇಬ್ಬರೂ ಬೇರೆಯವರ ಭಾಷೆಯಲ್ಲಿ ಬಿತ್ತಿದ್ದು ಮಣ್ಣಲ್ಲೇ ಉಳಿಯಿತು. ಬಿತ್ತಿದವನಿಗೆ ಪೈರು ನೋಡುವ ಭಾಗ್ಯ ಸಿಗದೆ ಇರಬಹುದು. ನಮ್ಮ ಸೀಮೆಯ ರೈತರಿಗೆ ಇದನ್ನು ಬಿಡಿಸಿ ಹೇಳೋದು ಬ್ಯಾಡ.

ಕೊನೆಗೆ ಪಂಚಾಶತ್ತಮ ದಿನಕ್ಕೆ ಬರೋಣ. ನಾವು ಆ ದಿನದ ಹೆಸರು ಹೊತ್ತ ಸಭೆ. ಅಪೊಸ್ತಲರ ಕೃತ್ಯಗಳು 2ನ್ನು ಓದಿದಾಗ ನಮ್ಮ ಕಣ್ಣು ಬೆಂಕಿಯ ನಾಲಿಗೆಗಳ ಮೇಲೆ, ಅನ್ಯಭಾಷೆಯ ಮೇಲೆ ನಿಲ್ಲುತ್ತದೆ. ನಿಲ್ಲಲಿ, ಅದು ದೇವರ ವರ. ಆದರೆ ಲೂಕನು ಆ ಭಾಗದಲ್ಲಿ ಒಂದು ಸಂಗತಿಯನ್ನು ಮತ್ತೆ ಮತ್ತೆ ಹೇಳುತ್ತಾನೆ. ಬಂದ ಪ್ರತಿಯೊಬ್ಬನೂ ತಾನು ಹುಟ್ಟಿದ ಸೀಮೆಯ ಮಾತಿನಲ್ಲಿ ದೇವರ ಮಹತ್ಕಾರ್ಯ ಕೇಳಿದ. ಪವಿತ್ರಾತ್ಮನು ಎಲ್ಲರಿಗೂ ಒಂದೇ ದೊಡ್ಡ ಭಾಷೆ ಕಲಿಸಲಿಲ್ಲ. ಅವರವರ ಮನೆಯ ಮಾತಿಗೇ ಇಳಿದು ಬಂದನು. ಆ ಜನರ ಪಟ್ಟಿಯಲ್ಲಿ ನಮ್ಮ ಆಯಿಯಂಥ ಒಬ್ಬಳು ಇದ್ದಿದ್ದರೆ, ಹುಡುಗ ಏನು ಹೇಳಿದ ಅಂತ ಆಕೆ ಯಾರನ್ನೂ ಕೇಳಬೇಕಾಗುತ್ತಿರಲಿಲ್ಲ.

ಅದಕ್ಕೇ ತಮ್ಮಂದಿರೇ, ತಂಗಿಯರೇ, ಈ ವಾರ ಒಂದು ಕೆಲಸ ಮಾಡ್ರಿ. ಮನೆಯ ಹಿರಿಯರ ಹತ್ತಿರ ಕೂತು ಅವರ ಮಾತು ಕೇಳ್ರಿ, ಮೊಬೈಲ್ ಪಕ್ಕಕ್ಕಿಟ್ಟು. ಆಮೇಲೆ ಅವರ ಕೈ ಹಿಡಿದು ಅವರಿಗೆ ತಿಳಿಯುವ ಮಾತಿನಲ್ಲಿ ಪ್ರಾರ್ಥನೆ ಮಾಡ್ರಿ. ದೂರ ಇರುವವರು ಫೋನ್ ಮಾಡ್ರಿ. ಇಂಗ್ಲಿಷ್ ಸ್ಟೇಟಸ್ ಹಾಕುವ ತಮ್ಮ, ಹಾಕು, ನಿನ್ನನ್ನು ಯಾರೂ ತಡೆಯೋದಿಲ್ಲ. ಆದರೆ ವಾರಕ್ಕೆ ಒಂದು ಸಲ ನಿನ್ನ ಸ್ವಂತ ಅನುಭವವನ್ನು ನಿನ್ನ ಸ್ವಂತ ಕನ್ನಡದಲ್ಲಿ ಬರಿ. ತಪ್ಪಿದರೆ ತಪ್ಪಲಿ. ಬೇರೆ ದೇಶದಿಂದ ಬಂದ ಒಬ್ಬರು ಕಲ್ಲಿನ ಮೇಲೆ ಕನ್ನಡ ತಿದ್ದಿದ್ದಾರೆ, ನಿನಗೆ ಕೀಬೋರ್ಡ್ ಇದೆ.

ತಲೆಬಾಗಿಸೋಣ. ತಂದೆಯೇ, ನಮ್ಮ ನಾಡಿಗೆ ನಿನ್ನ ಸೇವಕರನ್ನು ಕಳಿಸಿದ್ದಕ್ಕೆ ಸ್ತೋತ್ರ. ಅವರ ಒಳ್ಳೇದಕ್ಕಾಗಿ ನಿನಗೆ ಉಪಕಾರ, ಅವರ ತಪ್ಪುಗಳಿಂದ ನಮಗೆ ಬುದ್ಧಿ ಕಲಿಸು. ನಮ್ಮ ಮನೆಯ ಮಾತಿಗೆ ನಾಚಿಕೊಂಡದ್ದನ್ನು ಕ್ಷಮಿಸು. ಯಾದಗಿರಿಯಲ್ಲಿ, ಶಹಾಪುರದಲ್ಲಿ, ಸುರಪುರದಲ್ಲಿ, ದೂರದ ಊರುಗಳಲ್ಲಿ ಇರುವ ನಮ್ಮ ಮಕ್ಕಳ ನಾಲಿಗೆಯನ್ನು ನಿನ್ನ ಆತ್ಮನಿಂದ ಮುಟ್ಟು. ನಮ್ಮವರು ಕೇಳಿ ತಿಳಿಯುವ ಹಾಗೆ ಮಾತಾಡಲು, ಮಾತಾಡುವ ಮೊದಲು ಕೇಳಿಸಿಕೊಳ್ಳಲು ನಮಗೆ ಕೃಪೆ ಕೊಡು. ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ. ಆಮೆನ್.